ನಡೆಯುವವರಿಗೆ ಕೆಂಪು ಕಡುಬು

ಅತ್ತೆ ಕಡುಬು ಬೇಯಲು ಇಟ್ಟಿರುವಾಗ ಅಡುಗೆಮನೆಯಲ್ಲಿ ಯಾರೂ ಕೆಟ್ಟ ಮಾತು ಆಡಬಾರದು. ಅಳಬಾರದು, ಜಗಳ ತೆಗೆಯಬಾರದು, "ಬೆಂತಾ?" ಎಂದು ಕೇಳಲೂಬಾರದು. ಕೇಳಿದರೆ ಹಿಟ್ಟಿಗೆ ಸಿಟ್ಟು ಬಂದು ಕಡುಬು ಬಿರಿಯುತ್ತದಂತೆ. ಹಾಗಾಗಿ ತೈಪೇ ಪ್ರಯಾಣದ ಮಾತನ್ನೆಲ್ಲ ಅತ್ತೆ ಸೊಸೆ ನಾವಿಬ್ಬರೂ ಆಡಿದ್ದು ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಮಷಿನ್ನಿನ ಪಕ್ಕ. ಅದರ ಗಡಗಡ ಸದ್ದಿನಲ್ಲಿ ನಮ್ಮ ಮಾತು ಮನೆಯ ಮುಂಭಾಗದ ಸ್ಕೂಟರ್ ರಿಪೇರಿ ಅಂಗಡಿಯಲ್ಲಿ ಕೂತ ಮಾವನಿಗೆ ಕೇಳುತ್ತಿರಲಿಲ್ಲ. ಮಷಿನ್ ನಿಂತರೆ ನಮ್ಮ ಬಾಯಿಯೂ ನಿಲ್ಲುತ್ತಿತ್ತು. ಆ ದಿನಗಳಲ್ಲಿ ನಮ್ಮ ಮನೆಯ ಬಟ್ಟೆಗಳು ಎಂದೂ ಇಲ್ಲದಷ್ಟು ಶುಭ್ರವಾಗಿದ್ದವು.

ಅತ್ತೆಯ ಹೆಸರು ಚಾವೊತಿ. 'ತಮ್ಮನನ್ನು ಕರೆ' ಎಂದು ಅರ್ಥ. ಮತ್ತೆ ಹೆಣ್ಣೇ ಹುಟ್ಟಿತೆಂದು ಅವರಪ್ಪ ಇಟ್ಟ ಹೆಸರು. ತಮ್ಮ ಬಂದ, ಅವನನ್ನು ಬೆನ್ನಿಗೆ ಕಟ್ಟಿಕೊಂಡೇ ಅಕ್ಕಿ ರುಬ್ಬುವುದು ಕಲಿತೆ ಎನ್ನುತ್ತಾರೆ ಅತ್ತೆ. ಶಿಲುವೊ ಪೇಟೆಯ ಮಾರುಕಟ್ಟೆಯಲ್ಲಿ ಅವರು ಕೆಂಪು ಆಮೆ ಕಡುಬು ಮಾರಲು ಕೂತದ್ದು ನಾನು ಹುಟ್ಟುವುದಕ್ಕೂ ಮುಂಚೆ. ಅಂಟುವ ಅಕ್ಕಿಯ ಹಿಟ್ಟಿಗೆ ಕೆಂಪು ಬಣ್ಣ ಕಲಸಿ, ಹೆಸರುಬೇಳೆಯ ಸಿಹಿ ಹೂರಣ ತುಂಬಿ, ಆಮೆಯ ಚಿಪ್ಪು ಕೊರೆದ ಮರದ ಅಚ್ಚಿನಲ್ಲಿ ಒತ್ತಿ, ಎಣ್ಣೆ ಸವರಿದ ಎಲೆಯ ಮೇಲಿಟ್ಟು ಬೇಯಿಸುತ್ತಾರೆ. ಮಗುವಿಗೆ ತಿಂಗಳು ತುಂಬಿದರೆ, ಹಿರಿಯರ ಹುಟ್ಟುಹಬ್ಬ ಬಂದರೆ, ದೇವರಿಗೆ ಹರಕೆ ತೀರಿಸಬೇಕಾದರೆ ಪೇಟೆಯವರು ಅತ್ತೆಯನ್ನೇ ಹುಡುಕಿಕೊಂಡು ಬರುತ್ತಾರೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ಕೈಗೂ ಅಚ್ಚು ಕೊಟ್ಟು ಒತ್ತಿಸಿ ನೋಡಿದ್ದರು. "ನಿನ್ ಕೈ ಬಿಸಿ ಜಾಸ್ತಿ ಕಣೇ ಯೀಜೆನ್, ಹಿಟ್ಟು ಬೆವರುತ್ತೆ. ನೀನು ಬೇಳೆ ತೊಳಿ" ಎಂದಿದ್ದರು. ಇಂದಿಗೂ ನಾನು ಬೇಳೆಯನ್ನೇ ತೊಳೆಯುತ್ತಿದ್ದೇನೆ.

ವರ್ಷಕ್ಕೊಮ್ಮೆ ವಸಂತದಲ್ಲಿ ಕಡಲ ದೇವತೆ ಮಾಜು ತಾಯಿಯ ಪಲ್ಲಕ್ಕಿ ನಮ್ಮ ಪೇಟೆ ಹಾದು ಹೋಗುತ್ತದೆ. ಅದರ ಹಿಂದೆ ದಿನಗಟ್ಟಲೆ ನಡೆದು ಬರುವ ಸಾವಿರಾರು ಜನ. ಆ ದಿನ ಅತ್ತೆ ಕಡುಬು ಮಾರುವುದಿಲ್ಲ. ಮನೆಯ ಮುಂದೆ ಮಡಚುವ ಮೇಜು ಹಾಕಿ, ಕಡುಬು, ಬಾರ್ಲಿ ನೀರು ಇಟ್ಟು, ನಡೆಯುವವರಿಗೆಲ್ಲ ಹಂಚುತ್ತಾರೆ. ಅವರೊಬ್ಬರೇ ಅಲ್ಲ, ಬೀದಿಯುದ್ದಕ್ಕೂ ಎಲ್ಲ ಮನೆಯವರೂ ನಿಂತಿರುತ್ತಾರೆ. ನೀನು ಯಾರು, ಯಾವ ಊರು ಎಂದು ಕೊಡುವವರು ಕೇಳುವ ಹಾಗಿಲ್ಲ. ಬೇಡ ಎಂದು ನಡೆಯುವವರು ಹೇಳುವ ಹಾಗಿಲ್ಲ. ಹೊಟ್ಟೆ ತುಂಬಿದ್ದರೂ ತೆಗೆದು ಚೀಲಕ್ಕೆ ಹಾಕಿಕೊಂಡು ಮುಂದೆ ಹೋಗಬೇಕು. ಇಲ್ಲವಾದರೆ ಕೊಟ್ಟವರ ಪುಣ್ಯವನ್ನು ರಸ್ತೆಗೆ ಚೆಲ್ಲಿದಂತೆ.

ಅತ್ತೆಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ನನ್ನ ಗಂಡ ಜುಂಗ್‌ಹಾನ್, ಅಪ್ಪನ ಜೊತೆ ಅಂಗಡಿಯಲ್ಲೇ ದುಡಿಯುತ್ತಾನೆ. ಚಿಕ್ಕವನು ಬೋಯೆನ್, ತೈಪೇಯ ಆಸ್ಪತ್ರೆಯೊಂದರಲ್ಲಿ ನರ್ಸ್. ಮೂರು ವರ್ಷದ ಹಿಂದೆ, ವರ್ಷಾರಂಭದ ಹಿಂದಿನ ಸಂಜೆ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವ ಊಟಕ್ಕೆ ಅವನು ತೆವೇಯ್ ಎಂಬ ಹುಡುಗನನ್ನು ಕರೆತಂದ. ನಾವಿಬ್ಬರೂ ಜೊತೆಗಿದ್ದೇವೆ, ಮುಂದೆ ಮದುವೆಯಾಗುತ್ತೇವೆ ಎಂದ. ಮಾವ ಒಂದು ಮಾತೂ ಆಡದೆ ತಮ್ಮ ಬಟ್ಟಲು ಎತ್ತಿಕೊಂಡು ಅಂಗಡಿಗೆ ಹೋಗಿ, ಬಿಚ್ಚಿಟ್ಟ ಎಂಜಿನ್‌ಗಳ ನಡುವೆ ಕೂತು ಉಂಡರು. ಅತ್ತೆ ಸಾರು ಬಿಸಿ ಮಾಡಿ ತರುತ್ತೇನೆಂದು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಸ್ವಲ್ಪ ಹೊತ್ತು ಕಾದು ಬೋಯೆನ್ ಎದ್ದ. "ಅಮ್ಮಾ, ಹೊರಟೆ" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗಿದ. ಒಳಗೆ ನಲ್ಲಿಯ ನೀರಿನ ಸದ್ದು. "ಹೂಂ" ಎಂದರು ಅತ್ತೆ, ತಿರುಗಲಿಲ್ಲ. ಅಂದಿನಿಂದ ಅವನು ಮನೆಗೆ ಬಂದಿಲ್ಲ. ನನ್ನ ಗಂಡನಿಗೆ ಆಗೀಗ ಫೋನ್ ಮಾಡುತ್ತಾನೆ, ನನ್ನ ಮಗಳ ಫೋಟೋ ಕಳಿಸಿದರೆ ನನಗೊಂದು ನಗುವ ಮುಖ ಕಳಿಸುತ್ತಾನೆ, ಅಷ್ಟೇ.

ಈ ವರ್ಷ ಆಗಸ್ಟಿನಲ್ಲಿ, ಒಂದು ಮಧ್ಯಾಹ್ನ, ನಾನು ಮಗಳು ತಿಯೆನ್‌ಗೆ ಗಂಜಿ ತಿನ್ನಿಸುತ್ತ ಫೋನಿನಲ್ಲಿ ಏನೋ ತಿರುವುತ್ತಿದ್ದೆ. ಬೆನ್ನ ಹಿಂದೆ ಅತ್ತೆ ಬಂದು ನಿಂತದ್ದು ಗೊತ್ತಾಗಲಿಲ್ಲ. ತೆರೆಯ ಮೇಲೆ ಹಿಂದಿನ ವರ್ಷ ತೈಪೇಯ ಮೆರವಣಿಗೆಯೊಂದರಲ್ಲಿ ಬೋಯೆನ್ ನಡೆಯುತ್ತಿರುವ ಚಿತ್ರ. ತಲೆಗೆ ಬಣ್ಣದ ಪಟ್ಟಿ, ಕೈಯಲ್ಲಿ ಬಾವುಟದ ಒಂದು ಮೂಲೆ.

"ತೆಳ್ಳಗಾಗಿದಾನೆ" ಎಂದರು ಅತ್ತೆ.

ಮಗನ ವಿಷಯವಾಗಿ ಮೂರು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಮಾತು. ನಾನು ಚಮಚ ಹಿಡಿದುಕೊಂಡೇ ಕೂತೆ.

"ಎಲ್ಲಿಗೆ ನಡೀತಿದಾರೆ ಇವರೆಲ್ಲ?"

"ಎಲ್ಲಿಗೂ ಇಲ್ಲ ಅತ್ತೆ, ಸಿಟಿ ಒಳಗೇ ಒಂದು ಸುತ್ತು. ಪ್ರತಿ ವರ್ಷ ಅಕ್ಟೋಬರ್ ಕೊನೇಲಿ. ಸಲಿಂಗಿಗಳದ್ದು..."

"ಗೊತ್ತು, ಗೊತ್ತು. ಟೀವಿ ನೋಡಲ್ವಾ ನಾನು? ಮುಂದೆ ಯಾವ ದೇವರಿರುತ್ತೆ?"

"ದೇವರಿರಲ್ಲ."

"ದೇವರಿಲ್ದೆ ಇಷ್ಟು ಜನ ನಡೀತಾರಾ!" ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಈ ಬಿಸಿಲಲ್ಲಿ ನೀರು ಯಾರು ಕೊಡ್ತಾರೆ ಇವರಿಗೆ?"

"ಬೇಕಾದೋರು ಅಂಗಡೀಲಿ ತಗೋತಾರೆ."

"ಯಾಕೆ, ಆ ಬೀದಿ ಮನೆಯೋರೆಲ್ಲ ಸತ್ತೋಗಿದಾರಾ?"

ಆ ಮಾತಿಗೆ ನಾನು ನಕ್ಕೆ. ಅತ್ತೆ ನಗಲಿಲ್ಲ. ಮಾರನೆಯ ದಿನ ಒಗೆಯಲು ಏನೂ ಇಲ್ಲದಿದ್ದರೂ ಕಿಟಕಿಯ ಪರದೆಗಳನ್ನೆಲ್ಲ ಕಿತ್ತು ಮಷಿನ್ನಿಗೆ ಹಾಕಿ, ಕೈಸನ್ನೆ ಮಾಡಿ ನನ್ನನ್ನು ಹಿತ್ತಲಿಗೆ ಕರೆದರು.

"ನಾನು ಹೋಗ್ತೀನಿ" ಎಂದರು. "ಅವತ್ತು ಅವನ ಕೈಗೆ ಏನೂ ಕಟ್ಟಿಕೊಡ್ಲಿಲ್ಲ ನಾನು. ನಮ್ಮನೆಗೆ ಟಯರ್ ಪಂಚರ್ ಹಾಕಿಸ್ಕೊಳ್ಳೋಕೆ ಬಂದೋನೂ ಬರಿಗೈಲಿ ಹೋಗಿಲ್ಲ. ಹೆತ್ತ ಮಗ ಹೋದ."

ನನಗೆ ಎದೆ ತುಂಬಿ ಬಂದದ್ದು ನಿಜ. ಆದರೆ ತುಂಬಿದ ಎದೆಯೊಳಗೇ ಲೆಕ್ಕಾಚಾರವೂ ಶುರುವಾಯಿತು. ಮಾವನಿಗೆ ಏನು ಹೇಳುವುದು? ಹಲ್ಲು ಮೂಡುತ್ತಿರುವ ಮಗುವನ್ನು ಬಿಟ್ಟು ಹೋಗುವುದೋ, ಕರೆದುಕೊಂಡು ಹೋಗುವುದೋ? ಟೀವಿಯವರು ಅತ್ತೆಯ ಮುಖ ತೋರಿಸಿಬಿಟ್ಟರೆ ಮಾರುಕಟ್ಟೆಯಲ್ಲಿ ಯಾರು ಏನೆಂದಾರು? ಎಲ್ಲಕ್ಕಿಂತ ಮೊದಲ ಪ್ರಶ್ನೆಯನ್ನೇ ಕೇಳಿದೆ.

"ಬೋಯೆನ್‌ಗೆ ಹೇಳೋಣ್ವಾ, ಬರ್ತಿದೀವಿ ಅಂತ?"

"ಹುಚ್ಚಾ ನಿಂಗೆ? ಹೇಳಿದ್ರೆ ಬರಬೇಡ ಅಂತಾನೆ. ಬರಬೇಡ ಅಂದ್ಮೇಲೆ ಹೋಗೋಕಾಗುತ್ತಾ? ಹೇಳ್ದೆ ಇದ್ರೆ ಯಾರೂ ಬೇಡ ಅಂದಂಗಾಗಲ್ಲ."

ಆದರೂ ಅವರಿಗೇ ಧೈರ್ಯವಿರಲಿಲ್ಲ. ಒಂದು ಬೆಳಿಗ್ಗೆ ಮಾರುಕಟ್ಟೆಯ ಹಿಂದಿನ ಮಾಜು ಗುಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಊದುಕಡ್ಡಿ ಹಚ್ಚಿ, ಮಂಡಿಯೂರಿ, ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ಕೈಯಲ್ಲಿ ಹಿಡಿದು, ತಮ್ಮ ಹೆಸರು, ಮನೆಯ ವಿಳಾಸ ಎಲ್ಲ ಹೇಳಿಕೊಂಡರು. ತಾಯಿಗೆ ಭಕ್ತರು ಬಹಳ, ವಿಳಾಸ ಹೇಳದಿದ್ದರೆ ಗುರುತು ಹತ್ತುವುದಿಲ್ಲ.

"ಮಗನ್ನ ನೋಡೋಕೆ ಹೋಗ್ಲಾ?" ಎಂದು ಕೇಳಿ ತುಂಡುಗಳನ್ನು ನೆಲಕ್ಕೆ ಹಾಕಿದರು. ಎರಡೂ ಚಪ್ಪಟೆ ಮೈ ಮೇಲಾಗಿ ಬಿದ್ದವು. ಹಾಗೆ ಬಿದ್ದರೆ ತಾಯಿ ನಗುತ್ತಿದ್ದಾಳೆ ಎಂದು ಅರ್ಥ, ಹೌದೂ ಅಲ್ಲ, ಇಲ್ಲವೂ ಅಲ್ಲ.

"ನಾನು ಹೋದ್ರೆ ಅವನು ಮಾತಾಡ್ತಾನಾ?" ಈ ಸಲ ಎರಡೂ ಬೋರಲು ಬಿದ್ದವು. ಇಲ್ಲ.

ಕಂಕುಳಲ್ಲಿದ್ದ ಮಗು ನನ್ನ ಕಿವಿಯೋಲೆ ಜಗ್ಗುತ್ತಿತ್ತು. ಇಲ್ಲಿಗೆ ಮುಗಿಯಿತು, ಮನೆಗೆ ಹೋಗಿ ಪರದೆ ಮತ್ತೆ ನೇತುಹಾಕುವುದು ಎಂದುಕೊಂಡೆ. ಅತ್ತೆ ಮಾತ್ರ ಎದ್ದಿರಲಿಲ್ಲ. ತುಂಡುಗಳನ್ನು ಹಣೆಗೊತ್ತಿಕೊಂಡು ಬಹಳ ಹೊತ್ತು ಯೋಚಿಸಿದರು. ಆಮೇಲೆ ಗಿರಾಕಿಯ ಹತ್ತಿರ ಮಾತಾಡುವ ಧ್ವನಿಯಲ್ಲಿ ಕೇಳಿದರು.

"ತಾಯೀ, ತೈಪೇನಲ್ಲಿ ಜನ ನಡೀತಾರಂತೆ. ಅಲ್ಲಿನೋರು ಯಾರೂ ಏನೂ ಕೊಡಲ್ವಂತೆ. ನಾನು ಹೋಗಿ ಅವರಿಗೆ ತಿನ್ನೋಕೆ ಕೊಟ್ಟು ಬರ್ಲಾ?"

ಒಂದು ಮಗುಚಿ, ಒಂದು ಅಂಗಾತ. ಹೌದು. ಮತ್ತೆ ಹಾಕಿದರು, ಹೌದು. ಮತ್ತೊಮ್ಮೆ ಹಾಕಿದರು, ಹೌದು.

ಗುಡಿಯ ಮೆಟ್ಟಿಲು ಇಳಿಯುತ್ತ ಅತ್ತೆ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದರು. "ಕೇಳಿಸ್ಕೋ. ತಾಯಿ ಒಪ್ಪಿರೋದು ತಿನ್ನಿಸೋಕೆ ಮಾತ್ರ. ನಾನು ಅವನ್ನ ಹುಡುಕೋ ಹಾಗಿಲ್ಲ, ಹೆಸರು ಹಿಡಿದು ಕೂಗೋ ಹಾಗಿಲ್ಲ. ರಸ್ತೆ ಪಕ್ಕ ನಿಂತ್ಕೋತೀನಿ. ಎಲ್ಲರಿಗೂ ಕೊಡ್ತೀನಿ. ಅವನು ಬಂದ್ರೆ ಅವನಿಗೂ ಕೊಡ್ತೀನಿ. ಅಮ್ಮ ಕೊಟ್ರೆ ಬೇಡ ಅನ್ನಬಹುದು. ದಾರಿ ಪಕ್ಕದೋರು ಕೊಟ್ರೆ ನಡೆಯೋನು ಬೇಡ ಅನ್ನೋ ಹಾಗಿಲ್ಲ."

ಅವರಿಗೆ ಅದು ಸಾಕಿತ್ತು. ನನಗೆ ಸಾಲಲಿಲ್ಲ. ಅಷ್ಟು ದೊಡ್ಡ ಮೆರವಣಿಗೆಯಲ್ಲಿ ಅವನು ರಸ್ತೆಯ ಆ ಬದಿಯಲ್ಲಿ ನಡೆದು ಹೋಗಿಬಿಟ್ಟರೆ? ಅಥವಾ ಸ್ನೇಹಿತರ ಮುಂದೆ ಅಮ್ಮನನ್ನು ಥಟ್ಟನೆ ಕಂಡು, ಸಿಟ್ಟಿನಲ್ಲೋ ಗಾಬರಿಯಲ್ಲೋ ಮುಖ ತಿರುಗಿಸಿ ಹೋದರೆ? ಅತ್ತೆ ಅದನ್ನು ತಡೆದುಕೊಳ್ಳುವುದಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ದೇವರ ಮೇಲೆ ಭಾರ ಹಾಕುವುದು ಒಳ್ಳೆಯದೇ, ಆದರೆ ಮಗುವನ್ನು ಹೊತ್ತು ಪ್ರಯಾಣ ಮಾಡಬೇಕಾದವಳು ಬಸ್ಸಿನ ಸಮಯವನ್ನೂ ನೋಡಿಟ್ಟುಕೊಳ್ಳಬೇಕು. ಹೊರಡುವ ವಾರ ನಾನು ಬೋಯೆನ್‌ಗೆ ಸಂದೇಶ ಬರೆದೆ. ಅಮ್ಮ ಶನಿವಾರ ಬರುತ್ತಿದ್ದಾರೆ, ನಗರಸಭೆಯ ಹತ್ತಿರದ ತಿರುವಿನಲ್ಲಿ ಕಡುಬು ಹಿಡಿದು ನಿಂತಿರುತ್ತಾರೆ, ನಿನ್ನನ್ನು ಕೂಗುವುದಿಲ್ಲ. ಬೇಡವಾದರೆ ಈಗಲೇ ಹೇಳು, ನಾನು ಹೇಗಾದರೂ ತಡೆಯುತ್ತೇನೆ.

ಕಳಿಸಿದ ತಕ್ಷಣ ಓದಿದ ಗುರುತು ಬಿತ್ತು. ಉತ್ತರ ಬರಲಿಲ್ಲ.

ಓದಿ ಉತ್ತರ ಕೊಡದೆ ಇರುವುದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಮಗುವಿಗೆ ಹಾಲು ಕೊಡುವಾಗ, ಬೇಳೆ ತೊಳೆಯುವಾಗ, ಒದ್ದೆ ಕೈಯಲ್ಲೇ ಫೋನ್ ತೆಗೆದು ನೋಡುತ್ತಿದ್ದೆ. ಏನೂ ಇಲ್ಲ. ಗಂಡನಿಗೆ ಹೇಳಿದರೆ, "ನನ್ನನ್ನ ಇದಕ್ಕೆ ಎಳೀಬೇಡ ಯೀಜೆನ್, ನಾನು ಏನೂ ಕೇಳಿಸ್ಕೊಂಡಿಲ್ಲ" ಎಂದ. "ಬಸ್ ಸ್ಟ್ಯಾಂಡಿಗೆ ಬಿಡ್ತೀನಿ. ಎಲ್ಲಿಗೆ ಹೋಗ್ತಿದೀರಿ ಅಂತ ನಂಗೊತ್ತಿಲ್ಲ."

ಮಾವನಿಗೆ ನನ್ನ ಗೆಳತಿಯ ಮಗುವಿಗೆ ತಿಂಗಳು ತುಂಬಿದೆ ಎಂದು ಹೇಳುವುದೆಂದಾಯಿತು. ಕಡುಬು ಒಯ್ಯಲು ಅದಕ್ಕಿಂತ ಒಳ್ಳೆಯ ನೆಪವಿರಲಿಲ್ಲ. ಶುಕ್ರವಾರ ಇಡೀ ದಿನ ಬಿದಿರಿನ ಬುಟ್ಟಿಗಳು ಒಲೆಯ ಮೇಲೆ ಏರಿ ಇಳಿದವು. ಮಾವ ಎಣ್ಣೆ ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಂದು ಡಬ್ಬಿಗಳ ಸಾಲು ನೋಡಿ ನಿಂತರು.

"ಒಂದು ಮಗುಗೆ ಇಷ್ಟೊಂದಾ?"

"ಅವಳಿ" ಎಂದರು ಅತ್ತೆ, ತಲೆಯೆತ್ತದೆ.

"ಓಹೋ. ಗಂಡಾ, ಹೆಣ್ಣಾ?"

"ಗಂಡು" ಎಂದರು ಅತ್ತೆ. ಅದೇ ಉಸಿರಿಗೆ ನಾನು "ಹೆಣ್ಣು" ಎಂದಿದ್ದೆ.

ಒಲೆಯ ಮೇಲೆ ನೀರು ಕುದಿಯುವ ಸದ್ದು. ಅಂಗಡಿಯಿಂದ, ಯಾವುದೋ ಸ್ಕೂಟರಿನ ಕೆಳಗಿನಿಂದ, ನನ್ನ ಗಂಡನ ಧ್ವನಿ ಬಂತು. "ಒಂದು ಗಂಡು, ಒಂದು ಹೆಣ್ಣು ಅಪ್ಪಾ."

ಮಾವ ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿದರು. "ಒಳ್ಳೇದಾಯ್ತು ಬಿಡು" ಎಂದು ಹೋದರು. ಅವರು ನಂಬಿದರೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಅವರ ಬೆನ್ನು ಮರೆಯಾಗುತ್ತಲೇ ತಿಯೆನ್ ಒಸಡು ನೋವಿಗೆ ಜೋರಾಗಿ ಅಳತೊಡಗಿದಳು. ಕಡುಬಿನ ಮುಂದೆ ಅಳು! ಅತ್ತೆ ಓಡಿ ಬಂದು ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ಬುಟ್ಟಿ ತೆಗೆದಾಗ ಮೂಲೆಯ ಒಂದು ಕಡುಬು ಬಿರಿದಿತ್ತು. ಅದನ್ನು ಅತ್ತೆ ನೋಡುವ ಮೊದಲೇ ನಾನು ಬಾಯಿಗೆ ಹಾಕಿಕೊಂಡೆ. ನಾಲಿಗೆ ಸುಟ್ಟಿತು.

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ಗುಡಿಗೆ ಹೋಗುವಾಗ ಹಾಕುವ ನೇರಳೆ ಅಂಗಿ, ತಲೆಗೆ ಬಿಸಿಲು ತಡೆಯುವ ಬಟ್ಟೆಯ ಟೋಪಿ, ಬಗಲಲ್ಲಿ ಮಡಚುವ ಮೇಜು. ಮೇಜನ್ನು ಬಸ್ಸಿನ ಸಾಮಾನಿನ ಗೂಡಿನಲ್ಲಿ ಇಡಲು ಬಿಡಲಿಲ್ಲ. ದಾರಿಯುದ್ದಕ್ಕೂ ಒಂದೊಂದೇ ಅನುಮಾನ ತೆಗೆದರು. ಎಸಿಗೆ ಕಡುಬು ಗಟ್ಟಿಯಾದರೆ? ಅವರೆಲ್ಲ ಸಿಹಿ ತಿನ್ನುವವರೋ ಅಲ್ಲವೋ? ಮಾಂಸ ಬಿಟ್ಟವರೂ ಇರುತ್ತಾರೆಂದು ಹಂದಿ ಕೊಬ್ಬು ಹಾಕದೆ ಎಣ್ಣೆಯಲ್ಲೇ ಮಾಡಿದ್ದೇನೆ, ರುಚಿ ಕಡಿಮೆಯಾಯಿತೋ ಏನೋ?

"ಅವನು ಒಬ್ಬನೇ ಬರ್ತಾನಾ, ಆ ಹುಡುಗನ ಜೊತೆನಾ?" ಎಂದು ಕೊನೆಗೆ ಕೇಳಿದರು.

"ಜೊತೆಗೇ ಬರಬಹುದು."

"ಆ ಹುಡುಗ ಅವತ್ತು ಒಂದೇ ತುತ್ತು ತಿಂದಿದ್ದ. ಬಟ್ಟಲಲ್ಲಿ ಮೀನು ಹಾಗೇ ಇತ್ತು." ಅತ್ತೆ ಕಿಟಕಿಯ ಹೊರಗೆ ನೋಡಿದರು. "ನಾನೇ ಅದನ್ನ ನಾಯಿಗೆ ಹಾಕ್ದೆ."

ನಾನು ಮಗುವಿನ ತಲೆಯ ಮೇಲಿಂದ ಫೋನ್ ನೋಡಿದೆ. ಓದಿದ ಗುರುತು ಹಾಗೇ ಇತ್ತು. ಇವತ್ತು ಅವನು ಮೆರವಣಿಗೆಗೇ ಬರದಿದ್ದರೆ ಅದಕ್ಕೆ ಕಾರಣ ನಾನೇ.

ತಿರುವು ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ನಾನು ಆ ಜಾಗ ಆರಿಸಿದ್ದು ಒಂದು ದೊಡ್ಡ ಮರವೂ ಹತ್ತಿರದಲ್ಲೇ ಶೌಚಾಲಯವೂ ಇರುವುದರಿಂದ. ಅತ್ತೆ ಮೇಜಿನ ಕಾಲು ಬಿಚ್ಚಿ, ಕೆಂಪು ಬಟ್ಟೆ ಹಾಸಿ, ಡಬ್ಬಿ ತೆರೆದರು. ಕೂಡಲೇ ಕೊರಳಿಗೆ ಗುರುತಿನ ಪಟ್ಟಿ ಹಾಕಿಕೊಂಡ ಒಬ್ಬಳು ಸ್ವಯಂಸೇವಕಿ ಓಡಿಬಂದಳು.

"ಅಜ್ಜಿ, ಇಲ್ಲಿ ಮೇಜು ಹಾಕೋ ಹಾಗಿಲ್ಲ. ಅನುಮತಿ ಬೇಕು."

"ಅನುಮತಿ ತಗೊಂಡೇ ಬಂದಿರೋದು. ಒಂದಲ್ಲ, ಮೂರು ಸಲ ಕೇಳಿದೀನಿ."

"ಯಾರ ಹತ್ರ ಕೇಳಿದ್ರಿ?"

"ಮಾಜು ತಾಯಿ ಹತ್ರ."

ಹುಡುಗಿ ನನ್ನ ಮುಖ ನೋಡಿದಳು. ನಾನು ಮಗುವಿನ ಟೋಪಿ ಸರಿಮಾಡತೊಡಗಿದೆ. "ಅಜ್ಜೀ, ತಾಯಿ ಒಪ್ಪಿದ್ರೂ ಟ್ರಾಫಿಕ್‌ನೋರು ಒಪ್ಪಬೇಕಲ್ವಾ" ಎಂದು ಅವಳು ನಗುತ್ತಲೇ ಮೇಜು ಮಡಚಲು ನೆರವಾದಳು. ಕೈಯಲ್ಲಿ ತಟ್ಟೆ ಹಿಡಿದು ನಿಂತರೆ ಯಾರೂ ಕೇಳುವುದಿಲ್ಲವಂತೆ. ಅತ್ತೆ ಡಬ್ಬಿಗಳನ್ನು ಮಗುವಿನ ತಳ್ಳುಗಾಡಿಯೊಳಗೆ ಜೋಡಿಸಿ, ತಟ್ಟೆಯನ್ನು ಎದೆಮಟ್ಟಕ್ಕೆ ಹಿಡಿದು ನಿಂತರು. ಮಗು ನನ್ನ ಸೊಂಟಕ್ಕೆ ಬಂತು.

ಆಗಲೇ ಅವರ ಫೋನ್ ರಿಂಗಾಯಿತು. ಮಾವ. ತಟ್ಟೆ ನನಗೆ ಕೊಡಲಾಗದೆ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡರು. ಆ ಕಡೆಯ ಧ್ವನಿ ನನಗೂ ಕೇಳುವಷ್ಟು ಜೋರಾಗಿತ್ತು.

"ಸೋಯಾ ಸಾಸ್ ಎಲ್ಲಿಟ್ಟಿದೀಯಾ?"

"ಒಲೆ ಪಕ್ಕದಲ್ಲೇ ಇದೆ ಕಣ್ರೀ. ನಾಲ್ಕು ಬಾಟ್ಲಿ ಇದೆ."

"ಅದೇನು ಅಲ್ಲಿ ಡೋಲು, ಪೀಪಿ?"

"ಮೆರವಣಿಗೆ ಹೋಗ್ತಿದೆ."

"ನೀನು ಅವನ್ನ ಹುಡುಕ್ಕೊಂಡು ಹೋಗಿಲ್ಲ ತಾನೇ?"

"ನಾನು ಯಾರನ್ನೂ ಹುಡುಕ್ಕೊಂಡು ಬಂದಿಲ್ಲ. ರಸ್ತೆ ಪಕ್ಕ ನಿಂತಿದೀನಿ" ಎಂದರು ಅತ್ತೆ. ಮಾವ ಫೋನ್ ಇಟ್ಟರು.

ಮೆರವಣಿಗೆ ಬಂತು. ಬಾವುಟ, ಸಂಗೀತದ ಲಾರಿ, ಹುಬ್ಬಿಗೆ ಮಿಂಚು ಬಳಿದುಕೊಂಡವರು, ನಾಯಿಮರಿ ಎತ್ತಿಕೊಂಡವರು, ಆಫೀಸಿನ ಅಂಗಿಯಲ್ಲೇ ಬಂದವರು. ಅತ್ತೆ ತಟ್ಟೆ ಮುಂದೆ ಚಾಚಿ, ಶಿಲುವೊದಲ್ಲಿ ಹೇಳುವ ಹಾಗೇ, "ದಣಿದಿದೀರಿ, ತಿಂದು ಮುಂದೆ ಹೋಗಿ" ಎನ್ನತೊಡಗಿದರು. ಯಾರೂ ತೆಗೆದುಕೊಳ್ಳಲಿಲ್ಲ. ಕೆಲವರು ನಕ್ಕು ಕೈಬೀಸಿದರು. ಒಬ್ಬಳು ನಿಂತು ಕೇಳಿದಳು. "ಆಂಟೀ, ಒಂದಕ್ಕೆ ಎಷ್ಟು?"

ಅತ್ತೆಗೆ ಕಪಾಳಕ್ಕೆ ಹೊಡೆದ ಹಾಗಾಯಿತು. "ಮಾರೋಕಲ್ಲಮ್ಮ" ಎನ್ನುವಷ್ಟರಲ್ಲಿ ಅವಳು ಗುಂಪಿನಲ್ಲಿ ಮುಂದೆ ಸರಿದಿದ್ದಳು. ನಡೆಯುವವರು ಬೇಡವೆನ್ನುವ ಹಾಗಿಲ್ಲ ಎಂಬ ನಿಯಮದ ಮೇಲೆಯೇ ಅತ್ತೆ ಇಷ್ಟು ದೂರ ಬಂದಿದ್ದರು. ಇಲ್ಲಿ ಆ ನಿಯಮವೇ ಯಾರಿಗೂ ಗೊತ್ತಿರಲಿಲ್ಲ. ಅವರ ಕಣ್ಣಲ್ಲಿ ಆ ಲೆಕ್ಕ ತಿರುಗುತ್ತಿದ್ದುದು ನನಗೆ ಕಂಡಿತು. ಇವರೇ ಬೇಡ ಎನ್ನಬಹುದಾದರೆ ಅವನೂ ಎನ್ನಬಹುದು.

"ಬಿಡು ಯೀಜೆನ್, ಹೋಗೋಣ" ಎಂದರು ಮೆಲ್ಲಗೆ.

ಅಷ್ಟರಲ್ಲಿ ತಲೆಗೂದಲಿಗೆ ಹಸಿರು ಬಣ್ಣ ಹಾಕಿಸಿಕೊಂಡ, ಗಡ್ಡದ ಒಬ್ಬ ದಢೂತಿ ಗಂಡಸು, ಮೊಣಕಾಲ ತನಕ ಬರುವ ಲಂಗ ಉಟ್ಟವನು, ದಾಟಿ ಹೋದವನು ತಿರುಗಿ ಬಂದ. ತಟ್ಟೆ ನೋಡಿದ, ಅತ್ತೆಯ ಟೋಪಿ ನೋಡಿದ.

"ಅಯ್ಯೋ ಅಮ್ಮಾ, ಆಮೆ ಕಡುಬು! ನಡೆಯೋರಿಗಾ?"

"ನಡೆಯೋರಿಗೇ ಕಣಪ್ಪ."

"ನಾನು ಮಾಜು ತಾಯಿ ಪಲ್ಲಕ್ಕಿ ಹಿಂದೆ ಎರಡು ಸಲ ನಡೆದಿದೀನಿ. ನಿಮ್ಮ ಕಡೆಯೋರು ತಿನ್ನಿಸಿ ತಿನ್ನಿಸೀನೇ ಸಾಯಿಸಿದ್ರು." ಅವನು ಒಂದು ತೆಗೆದು ಹಣೆಗೆ ಒತ್ತಿಕೊಂಡು, ಎಲೆ ಸುಲಿದು, ಎರಡೇ ತುತ್ತಿಗೆ ತಿಂದು, ತನ್ನ ಗುಂಪಿನ ಕಡೆ ತಿರುಗಿ ಕೂಗಿದ. "ಏಯ್ ಬನ್ರೋ! ಬೇಡ ಅನ್ನಬಾರ್ದು ಇದನ್ನ, ಪಾಪ ಬರುತ್ತೆ!"

ಅಲ್ಲಿಂದ ಕೈಗಳು ಬಂದವು. ಉಗುರುಬಣ್ಣದ ಕೈ, ಬಳೆಯ ಕೈ, ಒರಟು ಕೈ. ಅತ್ತೆ ಮುಖ ನೋಡುವುದನ್ನೇ ಬಿಟ್ಟು ಕೈಗಳಿಗೆ ಕೊಡುತ್ತ ಹೋದರು. ಅದೇ ಸಮಯಕ್ಕೆ 'ನನ್ನನ್ನು ಮರೆತಿರಾ' ಎಂಬಂತೆ ತಿಯೆನ್ ಚಡ್ಡಿ ಹೊಲಸು ಮಾಡಿಕೊಂಡಳು. ಶೌಚಾಲಯ ರಸ್ತೆಯ ಆಚೆ. ಓಡಿದೆ, ಬದಲಾಯಿಸಿದೆ, ಹೊರಗೆ ಬಂದರೆ ರಸ್ತೆ ದಾಟಲು ಜಾಗವೇ ಇಲ್ಲ. ದೊಡ್ಡ ಬಾವುಟವೊಂದನ್ನು ರಸ್ತೆಯಗಲಕ್ಕೂ ಹಿಡಿದು ತರುತ್ತಿದ್ದರು. ಅದರ ಹಿಂದೆ ಆಸ್ಪತ್ರೆಯವರ ಗುಂಪು, ನರ್ಸ್‌ಗಳ ಸಮವಸ್ತ್ರ. ತೆವೇಯ್ ಕಂಡ. ಅವನ ಪಕ್ಕ ಯಾರೂ ಇರಲಿಲ್ಲ.

ಎತ್ತಿಕೊಂಡ ಮಗು ಕಲ್ಲಿನಷ್ಟು ಭಾರವಾಯಿತು.

ತೆವೇಯ್ ನೇರವಾಗಿ ಅತ್ತೆಯ ಮುಂದೆ ಹೋಗಿ ನಿಂತ. ಅತ್ತೆ ಕೈ ನೋಡಿ ಕಡುಬು ಇಟ್ಟವರು, ಯಾಕೋ ಮುಖ ನೋಡಿದರು. ಅವನು ಅಲ್ಲೇ ಎಲೆ ಸುಲಿದು ತಿನ್ನತೊಡಗಿದ. ಅತ್ತೆ ಏನೋ ಹೇಳಿದರು, ಅವನು ತಲೆಯಾಡಿಸಿದ. ಅತ್ತೆ ಇನ್ನೊಂದು ತೆಗೆದು ಅವನ ಕೈಗಿಟ್ಟರು. ಆಮೇಲೆ ಬೋಯೆನ್ ಕಂಡ. ಗುಂಪಿನಿಂದ ಬಹಳ ಹಿಂದೆ, ರಸ್ತೆಯ ನನ್ನ ಬದಿಗೇ, ಪಾದಚಾರಿ ಮಾರ್ಗದ ಅಂಚಿಗೆ ಅಂಟಿಕೊಂಡು ಬರುತ್ತಿದ್ದ. ನನ್ನಿಂದ ಕೈಚಾಚಿದರೆ ಸಿಗುವಷ್ಟು ದೂರದಲ್ಲಿ ನಿಂತ. ನನ್ನನ್ನು ನೋಡಿದ, ಮಗುವನ್ನು ನೋಡಿದ.

"ಅತ್ತಿಗೆ, ಅಮ್ಮಂಗೆ ಕಾಲು ಊತ ಇದ್ಯಾ?" ಎಂದ.

"ಇದೆ" ಎಂದೆ. "ಮಧ್ಯಾಹ್ನದಿಂದ ನಿಂತೇ ಇದಾರೆ."

ಅವನು ಬಾವುಟದ ಕೆಳಗೆ ಬಗ್ಗಿ ರಸ್ತೆ ದಾಟಿದ. ಅತ್ತೆಯ ಮುಂದೆ ಎರಡು ಮೂರು ಜನ ಕೈ ಚಾಚಿ ನಿಂತಿದ್ದರು. ಅವರ ಹಿಂದೆ ನಿಂತು ತನ್ನ ಸರದಿಗೆ ಕಾದ. ಅತ್ತೆ ನೋಡಲಿಲ್ಲ, ಅಥವಾ ನೋಡಿ ನೋಡದಂತಿದ್ದರು. ಮಾಜು ತಾಯಿಗೆ ಕೊಟ್ಟ ಮಾತಲ್ಲವೇ. ಅವನ ಸರದಿ ಬಂತು. ಅತ್ತೆ ಕಡುಬು ತೆಗೆದು ಅವನ ಅಂಗೈಯಲ್ಲಿಟ್ಟರು. ಬೋಯೆನ್ ಅದನ್ನು ಹಿಡಿದುಕೊಂಡೇ ನಿಂತ, ತಿನ್ನಲಿಲ್ಲ, ಮುಂದೆ ಹೋಗಲೂ ಇಲ್ಲ. ಹಿಂದಿನವರು ಅವನನ್ನು ಬಳಸಿಕೊಂಡು ಕೈ ಚಾಚುತ್ತಿದ್ದರು. ಆಮೇಲೆ ಬಾಯಿಗಿಟ್ಟ. ಅವನ ದವಡೆ ಆಡುವುದನ್ನು ಅತ್ತೆ ಚಿಕ್ಕ ಮಗುವಿಗೆ ಉಣ್ಣಿಸುವವರಂತೆ ತಮ್ಮ ಬಾಯಿಯನ್ನೂ ಒಂದಿಷ್ಟು ತೆರೆದು ನೋಡುತ್ತಿದ್ದರು.

ನಾನು ದಾಟಿ ಹೋದಾಗ ಅವನು ಅವರ ಕೈಯಿಂದ ತಟ್ಟೆ ತೆಗೆದುಕೊಳ್ಳುತ್ತಿದ್ದ.

"ಶುಗರ್ ಮಾತ್ರೆ ತಗೊಂಡ್ಯಾ?"

"ಊಟ ಆದ್ಮೇಲೆ ಅಲ್ವಾ ಅದು."

"ಊಟ ಮಾಡಿದ್ಯಾ?"

"ಇವರಿಗೆಲ್ಲ ಕೊಡದೆ ಹೇಗೋ ಮಾಡ್ಲಿ?"

"ಕೂತ್ಕೋ" ಎಂದ, ಆಸ್ಪತ್ರೆಯಲ್ಲಿ ಹೇಳುವವನ ಹಾಗೆ. ಮರದ ಕಟ್ಟೆಯ ಮೇಲೆ ತೆವೇಯ್ ತನ್ನ ಚೀಲ ಸರಿಸಿ ಜಾಗ ಮಾಡಿದ. ಅತ್ತೆ ಕೂತರು. ಆಸ್ಪತ್ರೆಯವರ ಗುಂಪು ತಿರುವಿನಲ್ಲಿ ಮರೆಯಾಯಿತು. ಬೋಯೆನ್ ಅದರ ಹಿಂದೆ ಹೋಗಲಿಲ್ಲ.

"ಅಪ್ಪಂಗೆ ಗೊತ್ತಾ?" ಎಂದು ಕೇಳಿದ, ಬೆನ್ನು ತಿರುಗಿಸಿಕೊಂಡೇ.

"ಇಲ್ಲ."

"ಗೊತ್ತಾದ್ರೆ?"

ಸಂಜೆಯ ಬಸ್ಸಿನಲ್ಲಿ ಇದೇ ಪ್ರಶ್ನೆ ನಮ್ಮ ಜೊತೆ ಬರಲಿದೆ ಎಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಶಾಲೆಯ ಹುಡುಗಿಯಂತೆ ಕಾಣುವ ಒಬ್ಬಳು ತಟ್ಟೆಯ ಮುಂದೆ ನಿಂತು, ತೆಗೆದುಕೊಳ್ಳಲೋ ಬೇಡವೋ ಎಂದು ಅನುಮಾನಿಸಿದಳು.

"ಇದು ಯಾರು ಕೊಡ್ತಿರೋದು? ಯಾವ ಸಂಘದ್ದು?"

"ಸಂಘ ಅಲ್ಲ" ಎಂದ ಬೋಯೆನ್. "ನಮ್ಮಮ್ಮ ಮಾಡಿರೋದು."

ಅತ್ತೆ ಥಟ್ಟನೆ ಬಗ್ಗಿ ತಳ್ಳುಗಾಡಿಯಿಂದ ಇನ್ನೊಂದು ಡಬ್ಬಿ ಎಳೆದು ಅದರ ಮುಚ್ಚಳದ ಜೊತೆ ಹೆಣಗಾಡತೊಡಗಿದರು. ಮುಖ ಕಾಣಿಸಲಿಲ್ಲ, ಧ್ವನಿ ಮಾತ್ರ ಬಂತು.

"ಮಾತಾಡ್ತಾ ನಿಂತ್ರೆ ಹಿಂದಿರೋರಿಗೆ ಯಾರೋ ಕೊಡ್ತಾರೆ? ತಟ್ಟೆ ಖಾಲಿಯಾಗ್ತಾ ಬಂತು ನೋಡು, ಇಲ್ಲಿ ತಾ."